ಸ್ಟೂಲಿನಿಂದ ಎದ್ದ ಮೇಲೆ

ಭಾನುವಾರ ಎರಡನೇ ಆರಾಧನೆಯ ಸಂದೇಶ. ವಾಕ್ಯಭಾಗ: ಅರಣ್ಯಕಾಂಡ 8ನೇ ಅಧ್ಯಾಯ, 23ರಿಂದ 26ನೇ ವಚನಗಳು.

ಎಲ್ಲರೂ ಕೂತ್ಕೊಳ್ಳಿ. ಹಿಂದೆ ನಿಂತಿರೋರು ಮುಂದೆ ಬನ್ನಿ, ಎಡಗಡೆ ಕುರ್ಚಿ ಖಾಲಿ ಇವೆ.

ಪ್ರಿಯರೇ, ಈಗ ಸಹೋದರಿ ಓದಿದ ವಾಕ್ಯದ ಮೇಲೆ ನಿಮ್ಮಲ್ಲಿ ಹೆಚ್ಚಿನವರು ಪ್ರಸಂಗ ಕೇಳಿರಲಿಕ್ಕಿಲ್ಲ. ಅರಣ್ಯಕಾಂಡ ಅಂದ್ರೆ ಲೆಕ್ಕದ ಪುಸ್ತಕ ಅಂತ ನಮ್ಮ ಮನಸ್ಸಲ್ಲಿ ಕೂತುಬಿಟ್ಟಿದೆ. ಜನವರಿ ಒಂದನೇ ತಾರೀಖು ಬೈಬಲ್ ರೀಡಿಂಗ್ ಪ್ಲಾನ್ ಶುರು ಮಾಡಿದವರು ಫೆಬ್ರವರಿಯಲ್ಲಿ ಎಲ್ಲಿ ಕೈ ಬಿಡ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತು. (ಸಭೆಯಲ್ಲಿ ನಗು) ನಗಬೇಡಿ, ಆ ಆ್ಯಪ್ ನಿಮ್ಮ ಸ್ಟ್ರೀಕ್ ಎಲ್ಲರಿಗೂ ತೋರಿಸುತ್ತೆ.

ಇಲ್ಲಿ ದೇವರು ಮೋಶೆಗೆ ಹೇಳೋದು ಲೇವಿಯರ ವಯಸ್ಸಿನ ವಿಷಯ. ಇಪ್ಪತ್ತೈದು ವರ್ಷಕ್ಕೆ ಲೇವಿಯನು ದೇವದರ್ಶನದ ಗುಡಾರದ ಕೆಲಸಕ್ಕೆ ಸೇರಬೇಕು. ಐವತ್ತಕ್ಕೆ ಆ ಕೆಲಸ ಬಿಡಬೇಕು. ಬಿಟ್ಟ ಮೇಲೆ ಮತ್ತೆ ಭಾರ ಹೊರುವ ಹಾಗಿಲ್ಲ. ಆದರೆ ಮನೆಗೆ ಹೋಗಿ ಮಲಗುವ ಹಾಗೂ ಇಲ್ಲ. ಗುಡಾರದಲ್ಲೇ ಇದ್ದು ತನ್ನ ಸಹೋದರರಿಗೆ ನೆರವಾಗಬೇಕು, ಕಾವಲು ನೋಡಿಕೊಳ್ಳಬೇಕು. ಸ್ವಾರಸ್ಯ ನೋಡಿ, ಇದೇ ಪುಸ್ತಕದ 4ನೇ ಅಧ್ಯಾಯದಲ್ಲಿ ಮೂವತ್ತು ವರ್ಷ ಅಂತಿದೆ, ಇಲ್ಲಿ ಇಪ್ಪತ್ತೈದು. ಹಳೇ ಯೆಹೂದ್ಯ ಗುರುಗಳು ಇದನ್ನ ಹೀಗೆ ಬಿಡಿಸಿದರು: ಮೊದಲ ಐದು ವರ್ಷ ಕಲಿಯೋದಕ್ಕೆ, ಆಮೇಲೆ ಕೆಲಸ. ಅಂದ್ರೆ ಒಬ್ಬ ಲೇವಿಯನ ಜೀವನದಲ್ಲಿ ಮೂರು ಕಾಲ ಇವೆ. ಕಲಿಯೋ ಕಾಲ, ಹೊರೋ ಕಾಲ, ಕಾಯೋ ಕಾಲ. ನಮ್ಮ ಸಭೆಗಳಲ್ಲಿ ಹೊರೋ ಕಾಲದ ಬಗ್ಗೆ ಮಾತ್ರ ಪ್ರಸಂಗ ಆಗುತ್ತೆ. ಅಭಿಷೇಕ, ವೇದಿಕೆ, ಮೈಕು, ಎಲ್ಲ ಅದೇ. ಮೂರನೇ ಕಾಲದ ಬಗ್ಗೆ ಯಾರೂ ಮಾತಾಡಲ್ಲ.

ಇವತ್ತು ಅದನ್ನ ಒಬ್ಬ ಡ್ರಮ್ಮರ್ ಮೂಲಕ ನೋಡೋಣ. ವರ್ಷಿಪ್ ಟೀಮ್ ಈಗ ನೆಟ್ಟಗೆ ಕೂತ್ಕೊಂಡ್ರು ನೋಡಿ.

ಆತನ ಹೆಸರು ನಿಕ್ಕೋ ಮೆಕ್‌ಬ್ರೇನ್. ಕೆಲವರ ಮುಖದಲ್ಲಿ ಪ್ರಶ್ನೆ ಕಾಣ್ತಿದೆ, ಇನ್ನು ಕೆಲವರು "ಪಾಸ್ಟರ್ ಬಾಯಲ್ಲಿ ಈ ಹೆಸರಾ?" ಅಂತ ಒಬ್ಬರನ್ನೊಬ್ಬರು ನೋಡ್ಕೋತಿದ್ದಾರೆ. ಹೌದು, ಐರನ್ ಮೇಡನ್ ಬ್ಯಾಂಡಿನ ಡ್ರಮ್ಮರ್. 1982ರ ಡಿಸೆಂಬರಿನಿಂದ 2024ರ ಡಿಸೆಂಬರಿನ ತನಕ, ನಲವತ್ತೆರಡು ವರ್ಷ ಒಂದೇ ಬ್ಯಾಂಡಿನಲ್ಲಿ ಒಂದೇ ಸ್ಟೂಲಿನ ಮೇಲೆ ಕೂತ ಮನುಷ್ಯ. ನಿಮ್ಮಲ್ಲಿ ಅರ್ಧ ಜನಕ್ಕೆ ಒಂದು ಕಂಪನಿಯಲ್ಲಿ ನಲವತ್ತೆರಡು ತಿಂಗಳು ಆಗಿಲ್ಲ.

1952ರಲ್ಲಿ ಲಂಡನ್ನಿನ ಹ್ಯಾಕ್ನಿಯಲ್ಲಿ ಹುಟ್ಟಿದ. ಮನೆಯಲ್ಲಿ ಇಟ್ಟ ಹೆಸರು ಮೈಕಲ್. ನಿಕ್ಕೋ ಅನ್ನೋದು ಮಗುವಾಗಿದ್ದಾಗ ಕೈಬಿಡದ ಒಂದು ಕರಡಿಬೊಂಬೆಯ ಹೆಸರಿನಿಂದ ಬಂದದ್ದು. ಜಗತ್ತಿನ ಅತಿ ಗಟ್ಟಿ ಸದ್ದಿನ ಬ್ಯಾಂಡುಗಳಲ್ಲಿ ಒಂದರ ಡ್ರಮ್ಮರ್‌ಗೆ ಕರಡಿಬೊಂಬೆಯ ಹೆಸರು! ಮೇಡನ್‌ಗೆ ಬರೋ ಮುಂಚೆ ಎಷ್ಟೋ ವರ್ಷ ಬೇರೆ ಬೇರೆ ಬ್ಯಾಂಡಲ್ಲಿ ಬಾರಿಸಿದ. ಸ್ಟ್ರೀಟ್‌ವಾಕರ್ಸ್, ಪ್ಯಾಟ್ ಟ್ರಾವರ್ಸ್ ಜೊತೆ, ಆಮೇಲೆ ಟ್ರಸ್ಟ್ ಅನ್ನೋ ಫ್ರೆಂಚ್ ಬ್ಯಾಂಡು. ಮೇಡನ್ ಸೇರಿದಾಗ ಮೂವತ್ತು ವರ್ಷ. ಯೇಸು ಸೇವೆ ಶುರು ಮಾಡಿದಾಗಲೂ ಹೆಚ್ಚುಕಡಿಮೆ ಮೂವತ್ತು, ಯೋಸೇಫ ಫರೋಹನ ಮುಂದೆ ನಿಂತಾಗಲೂ ಮೂವತ್ತು. ಇಪ್ಪತ್ತಾರಕ್ಕೇ ಜೀವನ ಮುಗೀತು ಅಂತ ನನಗೆ ರಾತ್ರಿ ಹನ್ನೊಂದೂವರೆಗೆ ವಾಯ್ಸ್ ನೋಟ್ ಕಳಿಸೋರು ಇದನ್ನ ಬರ್ಕೊಳ್ಳಿ.

ಆತನಿಗಿಂತ ಮುಂಚೆ ಆ ಸ್ಟೂಲಿನ ಮೇಲಿದ್ದವರು ಕ್ಲೈವ್ ಬರ್. ಆತ ಮೇಡನ್ ಬಿಟ್ಟು ಟ್ರಸ್ಟ್ ಸೇರಿದ, ಈತ ಟ್ರಸ್ಟ್ ಬಿಟ್ಟು ಮೇಡನ್ ಸೇರಿದ. ಕುರ್ಚಿ ಬದಲಾಯಿಸಿಕೊಂಡ ಹಾಗೆ. ಕ್ಲೈವ್ ಬರ್ ಅವರಿಗೆ ಮುಂದೆ ಮಲ್ಟಿಪಲ್ ಸ್ಕ್ಲೆರೋಸಿಸ್ ಬಂತು, ನರಗಳ ಕಾಯಿಲೆ. ಡ್ರಮ್ಮರ್‌ನ ಕೈಕಾಲೇ ಆತನ ಮಾತು ಕೇಳದ ಹಾಗಾಯ್ತು, ಗಾಲಿಕುರ್ಚಿಗೆ ಬಂದರು. ಹಳೇ ಬ್ಯಾಂಡಿನವರು ಅವರಿಗೋಸ್ಕರ ಸಹಾಯಾರ್ಥ ಕಾರ್ಯಕ್ರಮಗಳನ್ನ ಮಾಡಿದರು. 2013ರಲ್ಲಿ ತೀರಿಕೊಂಡರು. ಈ ವಿಷಯ ಮನಸ್ಸಲ್ಲಿ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ನಮ್ಮೂರಿಗೆ ಬರ್ತೀನಿ. 2007ರ ಮಾರ್ಚ್ 17, ಶನಿವಾರ. ಅರಮನೆ ಮೈದಾನದಲ್ಲಿ ಐರನ್ ಮೇಡನ್. ಭಾರತದಲ್ಲಿ ಅವರ ಮೊದಲ ಕಾರ್ಯಕ್ರಮ ಅದು. ಗುವಾಹಟಿಯಿಂದ, ಶಿಲ್ಲಾಂಗಿಂದ, ಕೇರಳದಿಂದ ರೈಲಲ್ಲಿ ಹುಡುಗರು ಬಂದಿದ್ದರು. ಎಲ್ಲರಿಗೂ ಕಪ್ಪು ಟೀಶರ್ಟು. ನಾನೂ ಆ ಜನದಲ್ಲಿ ಒಬ್ಬ. ಸಭೆಯಲ್ಲಿ ಡ್ರಮ್ಸ್ ಬಾರಿಸ್ತಿದ್ದ ಹುಡುಗ ನಾನು, ಗಾಯಕನನ್ನ ನೋಡೋಕೆ ಹೋಗಿರಲಿಲ್ಲ, ಡ್ರಮ್ಮರ್‌ನ ನೋಡೋಕೆ ಹೋಗಿದ್ದೆ. ತಮಾಷೆ ಏನಂದ್ರೆ, ಆತ ಕಾಣಲೇ ಇಲ್ಲ. ಆತನ ಡ್ರಮ್ ಕಿಟ್ ಅಷ್ಟು ದೊಡ್ಡದು. ಎದುರಿಗೆ ಸಾಲು ಟಾಮ್‌ಗಳು, ಮೇಲೆ ಕಾಡಿನ ಹಾಗೆ ಸಿಂಬಲ್‌ಗಳು. ಒಳಗೆ ಯಾರೋ ಇದ್ದಾರೆ ಅನ್ನೋದಕ್ಕೆ ಸಿಂಬಲ್ ಅಲ್ಲಾಡೋದೇ ಸಾಕ್ಷಿ. ಎರಡು ಗಂಟೆ ನಾವು ಕುಣಿದದ್ದು ಆತನ ಕಾಲಿನ ಲೆಕ್ಕಕ್ಕೆ, ಮುಖ ನೋಡಿದ್ದು ಕೊನೆಯಲ್ಲಿ ಮುಂದೆ ಬಂದು ಕಡ್ಡಿ ಎಸೆದಾಗ. 2009ರ ಫೆಬ್ರವರಿ 15ರಂದು ಅದೇ ಮೈದಾನಕ್ಕೆ ಮತ್ತೆ ಬಂದರು. ಅದು ಭಾನುವಾರ. ಆ ದಿನ ಬೆಂಗಳೂರಿನ ಎಷ್ಟು ಯೂತ್ ಮೀಟಿಂಗ್‌ಗಳಲ್ಲಿ ಹಾಜರಾತಿ ಕಡಿಮೆ ಆಯ್ತು ಅಂತ ಕರ್ತನಿಗೇ ಗೊತ್ತು. (ನಗು)

ಆದರೆ ಆ ಎರಡು ದಿನವೂ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಆ ಸಿಂಬಲ್‌ಗಳ ಹಿಂದೆ ಕೂತಿದ್ದ ಮನುಷ್ಯ ಯೇಸುವನ್ನ ನಂಬಿದವನು. 1999ರಲ್ಲಿ, ಅಮೆರಿಕದ ಫ್ಲೋರಿಡಾದ ಬೋಕಾ ರಟೋನ್ ಊರಲ್ಲಿ, ಹೆಂಡತಿ ರೆಬೆಕಾ ಜೊತೆ ಸ್ಪ್ಯಾನಿಷ್ ರಿವರ್ ಅನ್ನೋ ಪ್ರೆಸ್ಬಿಟೇರಿಯನ್ ಸಭೆಗೆ ಹೋಗಿದ್ದಾಗ ಆತನ ಹೃದಯ ತಿರುಗಿತು. ಇದನ್ನ ಆತ ಮುಚ್ಚಿಡಲಿಲ್ಲ, ಸಂದರ್ಶನಗಳಲ್ಲಿ ಬಾಯಿಬಿಟ್ಟು ಹೇಳಿದ್ದಾನೆ. ನಲವತ್ತೇಳರ ಹತ್ತಿರದ ವಯಸ್ಸು, ಹೆಸರು, ಹಣ, ಎಲ್ಲ ಇದ್ದ ಕಾಲ.

ಈಗ ನೀವು ಕೇಳೋ ಪ್ರಶ್ನೆ ನನಗೆ ಗೊತ್ತು. ರಕ್ಷಣೆ ಆಯ್ತು ಅಂದ್ರೆ ಆ ಬ್ಯಾಂಡ್ ಯಾಕೆ ಬಿಡಲಿಲ್ಲ? ಅದೂ ಯಾವ ಬ್ಯಾಂಡು! 1982ರಲ್ಲಿ ಮೃಗದ ಸಂಖ್ಯೆಯ ಹೆಸರಿಟ್ಟು ಆಲ್ಬಮ್ ತಂದಾಗ ಅಮೆರಿಕದಲ್ಲಿ ಕ್ರೈಸ್ತರು ಪ್ರತಿಭಟನೆ ಮಾಡಿದರು, ರೆಕಾರ್ಡುಗಳನ್ನ ಸುಟ್ಟರು. ಆ ಆಲ್ಬಮ್‌ನಲ್ಲಿ ಬಾರಿಸಿದ್ದು ಈತನಲ್ಲ, ಕ್ಲೈವ್ ಬರ್. ಆದರೆ ವೇದಿಕೆ ಮೇಲೆ ಆ ಹಾಡನ್ನ ದಶಕಗಟ್ಟಲೆ ಬಾರಿಸಿದ್ದು ಈತ, ರಕ್ಷಣೆ ಆದ ಮೇಲೂ. ಅದನ್ನ ಬರೆದ ಸ್ಟೀವ್ ಹ್ಯಾರಿಸ್ ಅದು ತಾನು ಕಂಡ ಕೆಟ್ಟ ಕನಸಿನಿಂದ ಹುಟ್ಟಿದ ಹಾಡು ಅಂತ ವಿವರಿಸಿದ್ದಾರೆ, ಸೈತಾನನ ಆರಾಧನೆ ಅಲ್ಲ ಅಂತ. ಇರಬಹುದು. ನಾನೇನೂ ಅದನ್ನ ನಮ್ಮ ಯೂತ್ ಕ್ಯಾಂಪಲ್ಲಿ ಹಾಕಿ ಅಂತ ಹೇಳ್ತಿಲ್ಲ. ಪ್ರಕಟನೆ 13ನೇ ಅಧ್ಯಾಯ ನಮಗೆ ಗಿಟಾರಿನ ರಿಫ್ ಅಲ್ಲ. ಯೋಹಾನ ಅದನ್ನ ಪತ್ಮೋಸ್ ದ್ವೀಪದಲ್ಲಿದ್ದು ಬರೆದ, ಹಿಂಸೆಯಲ್ಲಿದ್ದ ಸಭೆಗಳಿಗೆ ಬರೆದ. ಅದು ನನ್ನ ನಿಲುವು, ಅದರಲ್ಲಿ ಬದಲಾವಣೆ ಇಲ್ಲ.

ಆದರೆ ನಾಮಾನನ ವಿಷಯ ನೋಡಿ. 2 ಅರಸುಗಳು 5. ಅರಾಮ್ಯರ ಸೇನಾಪತಿ, ಕುಷ್ಠ ವಾಸಿಯಾಯ್ತು, ಯೊರ್ದನಿನಲ್ಲಿ ಏಳು ಸಾರಿ ಮುಳುಗಿ ಎದ್ದ. ಇಸ್ರಾಯೇಲಿನ ದೇವರೇ ದೇವರು ಅಂತ ಒಪ್ಪಿಕೊಂಡ. ಎರಡು ಹೇಸರಗತ್ತೆ ಹೊರುವಷ್ಟು ಮಣ್ಣು ಕೇಳಿದ, ಅದರ ಮೇಲೆ ಯೆಹೋವನಿಗೆ ಯಜ್ಞ ಮಾಡೋಕೆ. ಇಲ್ಲಿ ತನಕ ನಾವೆಲ್ಲ ಹಲ್ಲೆಲೂಯಾ ಅಂತೀವಿ. ಆಮೇಲೆ ಒಂದು ಮಾತು ಕೇಳ್ತಾನೆ, ಅದಕ್ಕೆ ನಾವು ಹಲ್ಲೆಲೂಯಾ ಅನ್ನಲ್ಲ. ನನ್ನ ಯಜಮಾನ ರಿಮ್ಮೋನನ ಗುಡಿಗೆ ಹೋಗುವಾಗ ನನ್ನ ಕೈ ಹಿಡಿದು ಹೋಗ್ತಾನೆ, ಆಗ ನಾನೂ ಬಗ್ಗಬೇಕಾಗುತ್ತೆ, ಅದೊಂದನ್ನ ಕರ್ತನು ಕ್ಷಮಿಸಲಿ ಅಂತ. ಎಲೀಷ ಏನು ಮಾಡಬೇಕಿತ್ತು? ನಮ್ಮಲ್ಲಿ ಕೆಲವರು ಆಗಿದ್ದರೆ ಮೂರು ದಿನದ ಉಪವಾಸ ಕೂಟ ಇಟ್ಟು, ರಾಜೀನಾಮೆ ಪತ್ರ ಬರೆಸಿ ಕಳಿಸ್ತಿದ್ದರು. ಎಲೀಷ ಸಮಾಧಾನದಿಂದ ಹೋಗು ಅಂದ. ಅಷ್ಟೇ. ಮಾಡು ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಹೊಸದಾಗಿ ನಂಬಿದವನನ್ನ ಅವನ ದೇವರ ಕೈಗೆ ಬಿಟ್ಟ. ಎಲೀಷನಿಗೆ ಪಾಪದ ಬಗ್ಗೆ ಮೃದು ಧೋರಣೆ ಇತ್ತು ಅಂತ ತಿಳ್ಕೋಬೇಡಿ, ಅದೇ ಅಧ್ಯಾಯದ ಕೊನೆಯಲ್ಲಿ ಗೇಹಜಿಗೆ ಏನಾಯ್ತು ಓದಿ. ದುರಾಸೆಯ ಸೇವಕನಿಗೆ ಕುಷ್ಠ, ಗುಡಿಯ ಬಾಗಿಲಲ್ಲಿ ನಡುಗುತ್ತಾ ನಿಂತ ಅಧಿಕಾರಿಗೆ ಸಮಾಧಾನ.

ಇಲ್ಲಿ ಕೂತಿರೋ ಕೆಲವರು ಶನಿವಾರ ರಾತ್ರಿ ಇಂದಿರಾನಗರದಲ್ಲಿ, ಕೋರಮಂಗಲದಲ್ಲಿ ಗಿಗ್ ಬಾರಿಸಿ ಬೆಳಿಗ್ಗೆ ಇಲ್ಲಿ ಬರ್ತೀರಿ. ಕಣ್ಣು ಕೆಂಪಗಿರೋದು ನನಗೆ ಕಾಣುತ್ತೆ. ನಿಮ್ಮ ಕೈ ಹಿಡಿದಿರೋ ಯಜಮಾನ ಯಾರು, ನೀವು ಎಲ್ಲಿ ಬಗ್ಗುತ್ತಿದ್ದೀರಿ, ಅದನ್ನ ನೀವು ನಾಮಾನನ ಹಾಗೆ ಬಾಯಿಬಿಟ್ಟು ದೇವರ ಮುಂದೆ ಹೇಳಬೇಕು. ಆತ ಮುಚ್ಚಿಡಲಿಲ್ಲ, ಕೇಳಿದ. ಬಂದು ಕೂತು ಮಾತಾಡಿ. ನಾನು ರಾಜೀನಾಮೆ ಪತ್ರ ಟೈಪ್ ಮಾಡಿ ಇಟ್ಕೊಂಡಿರಲ್ಲ.

ಸರಿ, ಡ್ರಮ್ಮರ್‌ಗೆ ವಾಪಸ್ ಬರೋಣ. ಮೆಟಲ್ ಸಂಗೀತದಲ್ಲಿ ಬಹಳ ಜನ ಎರಡು ಪೆಡಲ್ ಇಟ್ಕೋತಾರೆ, ಎರಡೂ ಕಾಲಲ್ಲಿ ಬೇಸ್ ಡ್ರಮ್ ಒದೀತಾರೆ. ಈತ ಹೆಸರಾದದ್ದೇ ಒಂದೇ ಪೆಡಲ್‌ಗೆ. ಒಂದು ಬಲಗಾಲು, ಅದರಲ್ಲೇ ಎಲ್ಲ. 1983ರಲ್ಲಿ ಮೇಡನ್ ಜೊತೆ ಮಾಡಿದ ಮೊದಲ ಆಲ್ಬಮ್, ಪೀಸ್ ಆಫ್ ಮೈಂಡ್, ಅದರ ಮೊದಲ ಹಾಡು ಶುರುವಾಗೋದೇ ಆತನ ಡ್ರಮ್ಸ್‌ನಿಂದ. ಬ್ಯಾಂಡಿಗೆ ಹೊಸಬ, ಬಾಗಿಲು ತೆಗೆದವನೇ ಆತ. ಆ ಹಾಡನ್ನ ಕಲಿಯೋಕೆ ಹೋಗಿ ಕಾಲು ಮಂಡಿ ಹಿಡಿದುಕೊಂಡು ಕೂತವರು ನಮ್ಮ ಟೀಮಲ್ಲೇ ಇದ್ದಾರೆ. ಹೆಸರು ಹೇಳಲ್ಲ.

ಬಲಗೈ ಡ್ರಮ್ಮರ್‌ಗೆ ಕಾಲವನ್ನ ಹಿಡಿಯೋದು ಯಾವುದು ಗೊತ್ತಾ? ಬಲಗೈ ಹೈ-ಹ್ಯಾಟ್ ಮೇಲೋ ರೈಡ್ ಮೇಲೋ ಇರುತ್ತೆ, ಗಡಿಯಾರದ ಮುಳ್ಳಿನ ಹಾಗೆ. ಬಲಗಾಲು ಬೇಸ್ ಡ್ರಮ್ ಮೇಲೆ. ಎಡಗೈ ಸ್ನೇರ್ ಮೇಲೆ ಉತ್ತರ ಕೊಡುತ್ತೆ. ಹಾಡು ನಿಂತಿರೋದು ಬಲಗಡೆ ಮೇಲೆ. 2023ರ ಜನವರಿಯಲ್ಲಿ, ಎಪ್ಪತ್ತನೇ ವಯಸ್ಸಲ್ಲಿ, ಈತನಿಗೆ ಪಾರ್ಶ್ವವಾಯು ಹೊಡೀತು. ಬಲಗಡೆ, ಭುಜದಿಂದ ಕೆಳಗೆ. ಎಲ್ಲ ಬಿಟ್ಟು ಅದೇ ಕಡೆ.

ಮುಗೀತು ಅಂತಲೇ ಆತನಿಗೂ ಅನ್ನಿಸಿತ್ತಂತೆ. ಆದರೆ ವಾರಗಟ್ಟಲೆ ಥೆರಪಿ ಮಾಡಿಸ್ಕೊಂಡ, ಸುಮಾರು ಹತ್ತು ವಾರಕ್ಕೆ ಬ್ಯಾಂಡ್ ಜೊತೆ ರಿಹರ್ಸಲ್‌ಗೆ ಕೂತ. ಅದೇ ಮೇ ತಿಂಗಳ ಕೊನೆಗೆ ಸ್ಲೊವೇನಿಯಾದ ಲ್ಯುಬ್ಲಿಯಾನಾದಲ್ಲಿ ಟೂರ್ ಶುರುವಾಯ್ತು, ಆತ ಸ್ಟೂಲಿನ ಮೇಲಿದ್ದ. ಯುರೋಪ್ ಸುತ್ತು ಮುಗಿದ ಮೇಲೆ, ಆಗಸ್ಟಿನಲ್ಲಿ, ಜನಕ್ಕೆ ವಿಷಯ ತಿಳಿಸಿದ. ಹಳೇ ದಿನಗಳ ವೇಗದ ಫಿಲ್‌ಗಳು ಕೆಲವು ಇನ್ನು ಬರ್ತಿರಲಿಲ್ಲ. ಆ ಜಾಗದಲ್ಲಿ ಕೈಗೆ ಬರೋದನ್ನ ಬಾರಿಸಿದ. ಅಭಿಮಾನಿಗಳಲ್ಲಿ ಕೆಲವರು ಗೊಣಗಿದರು. ಯೂಟ್ಯೂಬ್ ಕೆಳಗೆ ಗೊಣಗೋರಿಗೆ ಏನು ಕೊರತೆ, ಅವರಿಗೆ ಪಾರ್ಶ್ವವಾಯು ಬೆರಳಿಗೂ ಹೊಡೆದಿರಲ್ಲ.

ಆಮೇಲೆ 2024ರ ಡಿಸೆಂಬರ್ 7, ಬ್ರೆಜಿಲ್‌ನ ಸಾವೊ ಪಾಲೊ. ಆ ರಾತ್ರಿಯ ಕಾರ್ಯಕ್ರಮ ತನ್ನ ಕೊನೇದು ಅಂತ ಆತ ತಿಳಿಸಿದ. ಇನ್ನು ಬ್ಯಾಂಡ್ ಜೊತೆ ದೇಶ ದೇಶ ಸುತ್ತೋದಿಲ್ಲ, ಆದರೆ ಮೇಡನ್ ಕುಟುಂಬದ ಒಳಗೇ ಇರ್ತೀನಿ ಅಂತ. ಎಪ್ಪತ್ತೆರಡು ವರ್ಷ. ಸೈಮನ್ ಡಾಸನ್ ಅನ್ನೋ ಬೇರೆ ಡ್ರಮ್ಮರ್ ಆ ಜಾಗಕ್ಕೆ ಬಂದರು, ಮುಂದಿನ ಮೇ ತಿಂಗಳಲ್ಲಿ ಬುಡಾಪೆಸ್ಟಿನಲ್ಲಿ ಬ್ಯಾಂಡ್ ಮತ್ತೆ ಟೂರ್ ಶುರು ಮಾಡಿತು.

ಹಾಡುಗಳು ಅವೇ. ಸ್ಟೂಲಿನ ಮೇಲೆ ಬೇರೆಯವರು.

ಪ್ರಿಯರೇ, ನಾನು ಇಷ್ಟು ಹೊತ್ತು ಲಂಡನ್ನು, ಫ್ಲೋರಿಡಾ, ಬ್ರೆಜಿಲ್ ಅಂತ ತಿರುಗಿದ್ದು ಯಾಕೆ ಅಂತ ನಿಮ್ಮಲ್ಲಿ ಕೆಲವರಿಗೆ ಆಗಲೇ ಗೊತ್ತಾಗಿದೆ. ಎರಡು ವಾರದ ಹಿಂದೆ ನಮ್ಮ ಡ್ರಮ್ಸ್ ಅಂಕಲ್ ನನ್ನ ಹತ್ತಿರ ಬಂದರು. ಅವರ ಅನುಮತಿ ತಗೊಂಡೇ ಹೇಳ್ತಿದ್ದೀನಿ. ಹೆಸರು ಹೇಳಬೇಡಿ ಅಂದ್ರು. ಹೇಳದಿದ್ರೂ ಎಲ್ಲರೂ ಈಗ ಅವರ ಕಡೆಗೇ ತಿರುಗಿ ನೋಡ್ತಿದ್ದೀರಿ. (ನಗು)

ಈ ಸಭೆ ಹಾರ್ಡ್‌ವೇರ್ ಅಂಗಡಿಯ ಮೇಲಿನ ಬಾಡಿಗೆ ಹಾಲಲ್ಲಿ ಶುರುವಾದಾಗ ಡ್ರಮ್ ಕಿಟ್ ಇರಲಿಲ್ಲ. ಒಂದು ಡೋಲಕ್, ಒಂದು ಕಂಜೀರ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದ್ದು ಇವರೇ, ಸದ್ದು ಹೊರಗೆ ಹೋಗಬಾರದು ಅಂತ. ಮೊಟ್ಟೆ ಟ್ರೇಯಿಂದ ಸದ್ದು ನಿಲ್ಲಲ್ಲ, ಪ್ರತಿಧ್ವನಿ ಮಾತ್ರ ಸ್ವಲ್ಪ ಕಡಿಮೆ ಆಗುತ್ತೆ ಅಂತ ನಮಗೆ ಆಮೇಲೆ ಗೊತ್ತಾಯ್ತು, ಪಕ್ಕದ ಮನೆಯವರು ಬಂದಾಗ. ಸೆಕೆಂಡ್ ಹ್ಯಾಂಡ್ ಕಿಟ್ ತಗೊಂಡಾಗ ತಮ್ಮ ಬೋನಸ್ ದುಡ್ಡು ಹಾಕಿದ್ದೂ ಇವರೇ. ಇಪ್ಪತ್ತೆರಡು ವರ್ಷ. ಮಳೆಗಾಲದಲ್ಲಿ ಸಭೆಯಲ್ಲಿ ಹನ್ನೊಂದು ಜನ ಇದ್ದ ಭಾನುವಾರಗಳೂ ಇದ್ದವು, ಆಗಲೂ ಒಂಬತ್ತೂಕಾಲಕ್ಕೆ ಬಂದು ಸ್ನೇರ್ ಬಿಗಿ ಮಾಡ್ತಿದ್ದರು.

ಈಗ ಅವರ ಬಲಗೈ ನಡುಗುತ್ತೆ. ಡಾಕ್ಟರ್ ಅದಕ್ಕೊಂದು ಹೆಸರು ಹೇಳಿದ್ದಾರೆ, ಮಾತ್ರೆ ಕೊಟ್ಟಿದ್ದಾರೆ. ನಾವು ಎಣ್ಣೆ ಹಚ್ಚಿ ಪ್ರಾರ್ಥಿಸಿದ್ದೀವಿ, ಇನ್ನೂ ಪ್ರಾರ್ಥಿಸ್ತೀವಿ. ಯೇಸು ಇಂದಿಗೂ ವಾಸಿಮಾಡ್ತಾನೆ ಅಂತ ಈ ಸಭೆ ನಂಬುತ್ತೆ, ಅದರಿಂದ ಒಂದಂಗುಲ ಹಿಂದೆ ಹೋಗಲ್ಲ. ಆದರೆ ಹೊರಗಿನ ಒಬ್ಬ ಬೋಧಕರು ಅವರ ಮುಖಕ್ಕೇ, ನಿಮ್ಮ ನಂಬಿಕೆ ಸಾಲದು ಅಂದರಂತೆ. ಅದನ್ನ ಈ ವೇದಿಕೆಯಿಂದ ಸ್ಪಷ್ಟವಾಗಿ ಹೇಳ್ತೀನಿ: ಆ ಮಾತು ಕರ್ತನದ್ದಲ್ಲ. ಪೌಲನು ತಿಮೊಥೆಯನ ಹೊಟ್ಟೆ ತೊಂದರೆಗೆ ನಿನ್ನ ನಂಬಿಕೆ ಸಾಲದು ಅಂತ ಪತ್ರ ಬರೀಲಿಲ್ಲ. ತ್ರೊಫಿಮನನ್ನ ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಬಂದೆ ಅಂತ 2 ತಿಮೊಥೆಯ 4ರಲ್ಲಿ ತಾನೇ ತಿಳಿಸ್ತಾನೆ. ಪೌಲನ ಮೈಮೇಲಿನ ವಸ್ತ್ರ ತಂದು ಹಾಕಿದರೆ ರೋಗ ಹೋಗ್ತಿದ್ದ ಕಾಲವೂ ಇತ್ತು, ತ್ರೊಫಿಮನನ್ನ ಬಿಟ್ಟು ಬಂದ ಕಾಲವೂ ಇತ್ತು. ಎರಡೂ ಒಂದೇ ಅಪೊಸ್ತಲನ ಜೀವನದಲ್ಲಿ.

ಅಂಕಲ್ ನನ್ನ ಹತ್ತಿರ ಕೇಳಿದ್ದು ವಾಸಿಯಾಗುತ್ತಾ ಅಂತ ಅಲ್ಲ. "ಪಾಸ್ಟರೇ, ಸ್ಟೂಲ್ ಬಿಟ್ಟ ಮೇಲೆ ನಾನು ಎಲ್ಲಿ ಕೂರಲಿ?" ಅಂದರು. ಇಪ್ಪತ್ತೆರಡು ವರ್ಷದಿಂದ ಅವರು ಸಭೆಯನ್ನ ಹಿಂದಿನಿಂದ ನೋಡಿದ್ದಾರೆ, ಸಿಂಬಲ್ ಸಂದಿಯಿಂದ. ಜನರ ಮಧ್ಯೆ ಕೂತು ಆರಾಧನೆ ಮಾಡಿ ಗೊತ್ತೇ ಇಲ್ಲ.

ಈ ಪ್ರಶ್ನೆ ಅವರೊಬ್ಬರದ್ದಲ್ಲ. ಹೋದ ತಿಂಗಳು ಬ್ಯಾಡ್ಜೂ ಲ್ಯಾಪ್‌ಟಾಪೂ ವಾಪಸ್ ಕೊಟ್ಟು ಬಂದ ಇಬ್ಬರು ಇಲ್ಲಿ ಕೂತಿದ್ದೀರಿ. ಮನೆಯವರಿಗೆ ಇನ್ನೂ ಹೇಳಿಲ್ಲ, ಬೆಳಿಗ್ಗೆ ಅದೇ ಟೈಮಿಗೆ ಹೊರಟು ಮಾಲ್‌ನಲ್ಲಿ ಕೂತು ಸಂಜೆ ಹೋಗ್ತಿದ್ದೀರಿ. ಯಾರಾದ್ರೂ "ಏನು ಮಾಡ್ತಿದ್ದೀರಾ" ಅಂದ್ರೆ ಬಾಯಿ ಒಣಗುತ್ತೆ. ನಾವು ಕೆಲಸವನ್ನೇ ಹೆಸರು ಮಾಡ್ಕೊಂಡುಬಿಟ್ಟಿದ್ದೀವಿ. ಅದು ಹೋದ ದಿನ ಕೂರೋಕೆ ಜಾಗ ಇಲ್ಲ ಅನ್ಸುತ್ತೆ.

ಈಗ ಲೇವಿಯರ ಹತ್ತಿರ ವಾಪಸ್ ಬನ್ನಿ. ಐವತ್ತಕ್ಕೆ ಯಾಕೆ ನಿಲ್ಲಿಸಬೇಕು? ಕೆಹಾತ್ಯರು ಪವಿತ್ರ ಸಾಮಾನುಗಳನ್ನ ಹೆಗಲ ಮೇಲೆ ಹೊರಬೇಕಿತ್ತು. ಬೇರೆಯವರಿಗೆ ಬಂಡಿ ಎತ್ತು ಕೊಟ್ಟರು, ಇವರಿಗಿಲ್ಲ, 7ನೇ ಅಧ್ಯಾಯ ನೋಡಿ. ಹೆಗಲ ಮೇಲೆ ಮಂಜೂಷ, ಕಾಲ ಕೆಳಗೆ ಮರಳು. ದೇವರಿಗೆ ಮನುಷ್ಯನ ಬೆನ್ನುಮೂಳೆ ಗೊತ್ತು, ತಾನೇ ಮಾಡಿದ್ದು. ಹಾಗಾಗಿ ನಿಲ್ಲಿಸು ಅನ್ನೋದು ಶಿಕ್ಷೆ ಅಲ್ಲ, ಕರುಣೆ. ದೇವಾಲಯ ಕಟ್ಟಿ ಹೊರುವ ಕೆಲಸ ಮುಗಿದ ಮೇಲೆ ಈ ವಯಸ್ಸಿನ ಮಿತಿ ಹೋಯ್ತು, ಸ್ವರ ಹೋದರೆ ಮಾತ್ರ ಲೇವಿಯನು ಹಾಡುವ ಸೇವೆ ಬಿಡಬೇಕು ಅಂತ ಆ ಹಳೇ ಗುರುಗಳು ಹೇಳ್ತಾರೆ. ಇನ್ನು ಆ ಕಾವಲು ಅನ್ನೋ ಮಾತು. ಹೊರುವವನಿಗೆ ಮುಂದಿನ ಹೆಜ್ಜೆ ಮಾತ್ರ ಕಾಣುತ್ತೆ. ಯಾವ ಹುಡುಗನ ಹಗ್ಗ ಸಡಿಲ ಆಗಿದೆ, ಯಾರಿಗೆ ಕಣ್ಣು ಕತ್ತಲೆ ಬರ್ತಿದೆ, ಪರದೆ ಯಾವ ಕಡೆ ಮಡಚಬೇಕು, ಇದೆಲ್ಲ ಇಪ್ಪತ್ತು ವರ್ಷ ಹೊತ್ತು ಕೆಳಗಿಟ್ಟವನಿಗೆ ಗೊತ್ತಾಗುತ್ತೆ.

ಆಸಾಫನ ವಿಷಯ ಹೇಳದೆ ಡ್ರಮ್ಮರ್‌ಗಳ ಪ್ರಸಂಗ ಮುಗಿಸೋ ಹಾಗಿಲ್ಲ. ಆಸಾಫ ಅಂದ್ರೆ ನಮಗೆ ಕೀರ್ತನೆ ಬರೆದವನು. 50ನೇ ಕೀರ್ತನೆ, ಆಮೇಲೆ 73ರಿಂದ 83, ಒಟ್ಟು ಹನ್ನೆರಡು ಆತನ ಹೆಸರಲ್ಲಿವೆ. ಆದರೆ ದಾವೀದ ಮಂಜೂಷವನ್ನ ಯೆರೂಸಲೇಮಿಗೆ ತಂದಾಗ ಆತನ ಕೈಯಲ್ಲಿ ಏನಿತ್ತು? 1 ಪೂರ್ವಕಾಲವೃತ್ತಾಂತ 15:19. ಹೇಮಾನ, ಆಸಾಫ, ಏತಾನ, ಮೂವರ ಕೈಯಲ್ಲೂ ತಾಮ್ರದ ತಾಳ. ಕಿನ್ನರಿ ಬೇರೆಯವರ ಕೈಯಲ್ಲಿ, ತುತೂರಿ ಯಾಜಕರ ಕೈಯಲ್ಲಿ. ಇಡೀ ಮೆರವಣಿಗೆಯ ಲಯ ಈ ಮೂವರ ಕೈಯಲ್ಲಿತ್ತು. ಆಸಾಫ ನಮ್ಮವನು ಕಣ್ರೀ, ರಿದಮ್ ಸೆಕ್ಷನ್! (ಚಪ್ಪಾಳೆ) 73ನೇ ಕೀರ್ತನೆಯಲ್ಲಿ ತನ್ನ ಕಾಲು ಜಾರೋದರಲ್ಲಿತ್ತು ಅಂತಾನೆ, ಡ್ರಮ್ಮರ್‌ಗೆ ಅದಕ್ಕಿಂತ ದೊಡ್ಡ ಭಯ ಉಂಟೇ?

ಆಸಾಫ ಸತ್ತ. ದಾವೀದ ಸತ್ತ. ಸೊಲೊಮೋನನ ದೇವಾಲಯ ಎದ್ದಿತು, ನೆಬೂಕದ್ನೆಚ್ಚರನ ಸೈನ್ಯ ಬಂದು ಸುಟ್ಟಿತು. ಜನ ಬಾಬೆಲಿಗೆ ಸೆರೆಹೋದರು. ಹತ್ತಿರ ಹತ್ತಿರ ನಾನೂರೈವತ್ತು ವರ್ಷ ಕಳೆದ ಮೇಲೆ ಸ್ವಲ್ಪ ಜನ ತಿರುಗಿ ಬಂದರು. ಎಜ್ರ 2ರ ಪಟ್ಟಿಯಲ್ಲಿ ಆಸಾಫನ ವಂಶದವರು 128 ಜನ. 3ನೇ ಅಧ್ಯಾಯದಲ್ಲಿ ಹೊಸ ದೇವಾಲಯದ ಅಸ್ತಿವಾರ ಹಾಕ್ತಾರೆ. ಆಸಾಫನ ಮಕ್ಕಳು ಅಲ್ಲಿ ನಿಂತಿದ್ದಾರೆ. ಕೈಯಲ್ಲಿ ಏನು? ತಾಳ! ಅಪ್ಪನ ಅಪ್ಪನ ಅಪ್ಪ ಹಿಡಿದದ್ದೇ. ಬಾಬೆಲಿನಲ್ಲಿ ದೇವಾಲಯ ಇರಲಿಲ್ಲ, ವೇದಿಕೆ ಇರಲಿಲ್ಲ, ಭಾನುವಾರದ ಲಿಸ್ಟ್‌ನಲ್ಲಿ ಹೆಸರು ಇರಲಿಲ್ಲ. ಆದರೂ ಯಾವನೋ ಒಬ್ಬ ಮುದುಕ ತನ್ನ ಮೊಮ್ಮಗನನ್ನ ಕೂರಿಸಿಕೊಂಡು ಹೀಗೆ ಹಿಡಿ, ಹೀಗೆ ಹೊಡಿ ಅಂತ ಹೇಳಿಕೊಟ್ಟಿರಬೇಕು. ಆ ಮುದುಕನ ಹೆಸರು ಬೈಬಲಿನಲ್ಲಿ ಇಲ್ಲ. ಆತನಿಗೆ ಬಾರಿಸೋಕೆ ಒಂದು ದಿನವೂ ಸಿಗಲಿಲ್ಲ.

ಆ ಅಸ್ತಿವಾರದ ದಿನ ಮುದುಕರು ಅತ್ತರು, ಹುಡುಗರು ಕೂಗಿದರು, ಯಾವುದು ಅಳು ಯಾವುದು ಕೂಗು ಅಂತ ಗೊತ್ತಾಗದ ಹಾಗೆ ಸೇರಿಹೋಯ್ತು ಅಂತ ಬರೆದಿದೆ. ನನಗೆ ಒಂದು ಒಳ್ಳೇ ಸಭೆಯ ಸದ್ದು ಅಂದ್ರೆ ಅದೇ.

ಬರ್ಜಿಲ್ಲೈಯನ್ನೂ ಮರೆಯಬಾರದು, 2 ಸಮುವೇಲ 19. ದಾವೀದ ಮಗನಿಂದ ತಪ್ಪಿಸಿಕೊಂಡು ಓಡಿದಾಗ ಹಾಸಿಗೆ, ಗೋದಿ, ಹುರಿಗಾಳು, ಅವರೆ, ಜೇನು, ಎಲ್ಲ ತಂದುಕೊಟ್ಟವರಲ್ಲಿ ಒಬ್ಬ. ರಾಜ ಗೆದ್ದು ಹೊರಟಾಗ ಬಾ, ನನ್ನ ಅರಮನೆಯಲ್ಲಿರು ಅಂತ ಕರೀತಾನೆ. ಬರ್ಜಿಲ್ಲೈ ನನಗೆ ಎಂಬತ್ತಾಯ್ತು, ಊಟದ ರುಚಿ ತಿಳಿಯಲ್ಲ, ಗಾಯಕರ ಸ್ವರ ಕೇಳಲ್ಲ, ಇಗೋ ಕಿಮ್ಹಾಮ ಇದ್ದಾನೆ, ಅವನನ್ನ ಕರ್ಕೊಂಡು ಹೋಗು ಅಂತಾನೆ. ಕಿಮ್ಹಾಮನಿಗೆ ಜಾಗ ಸಿಕ್ತು, ಬರ್ಜಿಲ್ಲೈಯ ಹೆಸರು ಉಳೀತು. ದಾವೀದ ಸಾಯೋ ಮುಂಚೆ ಸೊಲೊಮೋನನಿಗೆ ಹೇಳಿದ ಮಾತುಗಳಲ್ಲಿ ಆ ಮನೆಯವರನ್ನ ನೋಡ್ಕೋ ಅನ್ನೋದೂ ಒಂದು.

ವರ್ಷಿಪ್ ಟೀಮಿನ ವಾಟ್ಸಾಪ್ ಗ್ರೂಪಲ್ಲಿ ಮೊನ್ನೆ ಒಂದು ಮೆಸೇಜ್ ಬಂತು. ಅಂಕಲ್‌ಗೆ ಈಗ ಸ್ಪೀಡ್ ಇಲ್ಲ, ಹೊಸ ಸಾಂಗ್ಸ್ ಕೂರಲ್ಲ ಅಂತ. ಆಮೇಲೆ ಡಿಲೀಟ್ ಮಾಡಿದಿರಿ. ಡಿಲೀಟ್ ಮಾಡಿದ್ರೂ ಅವರು ಓದಿದ್ದಾರೆ. ಆ ಹುಡುಗ ನನಗೆ ಪ್ರಿಯ, ಬಾರಿಸೋದೂ ಚೆನ್ನಾಗಿದೆ, ಅವನು ಹೇಳಿದ್ದು ಸುಳ್ಳೂ ಅಲ್ಲ. ಆದರೆ ತಮ್ಮಾ, ನಿಜವನ್ನ ಹೇಳೋದಕ್ಕೂ ಒಂದು ತಾಳ ಇದೆ. ಆ ಸ್ಟೂಲ್ ನಿನಗೆ ಸಿಗುತ್ತೆ. ಅದರ ಎತ್ತರ ಸರಿಮಾಡೋ ಸ್ಕ್ರೂ ಬಿಗಿ ಇದೆ, ಹೇಗೆ ತಿರುಗಿಸಬೇಕು ಅಂತ ಅವರಿಗೆ ಮಾತ್ರ ಗೊತ್ತು. ಹೋಗಿ ಕೇಳು.

ಹಿರಿಯರ ಜೊತೆ ಕೂತು ಹೀಗೆ ತೀರ್ಮಾನ ಮಾಡಿದ್ದೀವಿ. ಮುಂದಿನ ತಿಂಗಳ ಮೊದಲ ಭಾನುವಾರದಿಂದ ಡ್ರಮ್ಸ್ ಹುಡುಗರದ್ದು. ಮ್ಯೂಸಿಕ್ ರೂಮಿನ ಬೀಗದಕೈ ಅಂಕಲ್ ಹತ್ತಿರವೇ ಇರುತ್ತೆ. ಶುಕ್ರವಾರ ಏಳು ಗಂಟೆಗೆ ಪ್ರಾಕ್ಟೀಸ್, ಅವರು ಬರೋ ಮುಂಚೆ ಯಾರೂ ಕಡ್ಡಿ ಮುಟ್ಟೋ ಹಾಗಿಲ್ಲ. ಆರಾಧನೆಯಲ್ಲಿ ಎಲ್ಲಿ ಕೂರ್ತಾರೆ ಅಂದ್ರೆ, ಎರಡನೇ ಸಾಲು, ಬಲತುದಿ, ನೇರ ಡ್ರಮ್ಸ್ ಎದುರಿಗೆ. ಹುಡುಗ ಉತ್ಸಾಹ ಬಂದು ಓಡಿಸಿದಾಗ ಅವರ ಮೊಣಕಾಲಿನ ಮೇಲೆ ಬೆರಳು ಕಾಣಬೇಕು. ಎಡಗೈ ಇನ್ನೂ ನಡುಗಲ್ಲ, ಅದರಲ್ಲೇ ಲೆಕ್ಕ ಹಾಕಲಿ. ಕೆಲಸ ಹೋದ ನೀವಿಬ್ಬರೂ ಇವತ್ತು ಊಟ ಮಾಡಿಯೇ ಹೋಗಿ, ನಿಮ್ಮ ಕ್ಷೇತ್ರದಲ್ಲೇ ಇರೋ ಮೂವರು ಸಹೋದರರು ಕೆಳಗೆ ಕಾಯ್ತಿರ್ತಾರೆ, ರೆಸ್ಯೂಮೆ ಜೊತೆ ಕೂರೋಕೆ. ಮನೆಯವರಿಗೆ ಹೇಳೋಕೆ ಧೈರ್ಯ ಬೇಕಿದ್ರೆ ನಾನೂ ನನ್ನ ಹೆಂಡತಿಯೂ ಜೊತೆ ಬರ್ತೀವಿ.

ಎಲ್ಲರೂ ಎದ್ದು ನಿಲ್ಲೋಣ. ಕೀಬೋರ್ಡ್ ಮೆಲ್ಲಗೆ. ಡ್ರಮ್ಸ್ ಈಗ ಬೇಡ.

ತಂದೆಯೇ, ಈ ಕೈಗಳು ನಿನ್ನವು. ಹೊಸದಾಗಿ ಕಡ್ಡಿ ಹಿಡಿದ ಕೈ, ಬ್ಯಾಡ್ಜ್ ವಾಪಸ್ ಕೊಟ್ಟ ಕೈ, ಶನಿವಾರ ರಾತ್ರಿ ದಣಿದ ಕೈ, ನಡುಗುವ ಈ ಬಲಗೈ. ವಾಸಿಮಾಡು ಕರ್ತನೇ, ಇವತ್ತೇ ಮಾಡು ಅಂತ ಕೇಳ್ತೀವಿ, ನಾಳೆಯೂ ಕೇಳ್ತೀವಿ. ದೂರದ ಫ್ಲೋರಿಡಾದಲ್ಲಿರೋ ಆ ಮುದಿ ಡ್ರಮ್ಮರ್‌ನನ್ನೂ ನೆನಪಿಸಿಕೋ, ಆತನ ಮನೆಯಲ್ಲಿ ಸಮಾಧಾನ ಇರಲಿ. ಯೇಸುವಿನ ನಾಮದಲ್ಲಿ, ಆಮೆನ್.